ಕೃಷ್ಣನ ಪಾರ್ಟಿನವನ ಸಂಸಾರ

ಜಮಖಂಡಿಯ ಪೋಸ್ಟಾಫೀಸಿನ ಪ್ರಹ್ಲಾದರಾಯರು ಬಡಾವಣೆಯ ಸಾಂಸ್ಕೃತಿಕ ಸಂಘದ ಕಾರ್ಯದರ್ಶಿಯಾಗಿ ಮೂರೇ ತಿಂಗಳು. ಅಂದು ಸಂಜೆ ಆರಕ್ಕೆ ಲೋಕಾಪುರದ ಯಮನಪ್ಪನ ಸಣ್ಣಾಟ, ಅಂದರೆ ಹಾಡು-ಮಾತಿನ ಬಯಲು ನಾಟಕ, ಇಡಿಸಿದ್ದರು. ಮಂದಿ ಸೇರದಿದ್ದರೆ ಕಾರ್ಯದರ್ಶಿ ಪದವಿಯನ್ನು ಅದಕ್ಕೆ ಕಣ್ಣಿಟ್ಟಿದ್ದ ಹೊಳೆಪ್ಪನಿಗೆ ಬಿಟ್ಟುಕೊಡುತ್ತೇನೆಂದು ತುಂಬಿದ ಸಭೆಯಲ್ಲಿ ಮೀಸೆ ತಿರುವಿ ಹೇಳಿಬಿಟ್ಟಿದ್ದರು. ಅವರಿಗೆ ಮೀಸೆ ಇರಲಿಲ್ಲ ಅನ್ನುವುದು ಬೇರೆ ಮಾತು.

ಬೆಳಿಗ್ಗೆ ಹಾಲು ತರಲು ಹೊರಟಾಗ ಎದುರುಮನೆಯ ರತ್ನಾಬಾಯಿ ಅಡ್ಡಗಟ್ಟಿದಳು.

"ರಾಯರ, ಆ ಯಮನಪ್ಪಗ ಇಬ್ಬರು ಹೆಂಡರಂತ. ಲೋಕಾಪುರದಾಗೊಬ್ಬಾಕಿ, ಬೀಳಗಿಯಾಗೊಬ್ಬಾಕಿ. ಅಂಥವ ಕೃಷ್ಣನ ಪಾರ್ಟು ಕಟ್ಟಿದ್ರ ನಾವು ಆರತಿ ಎತ್ತಬೇಕೇನ್ರಿ? ಯಾರೂ ಬರಂಗಿಲ್ಲ!"

ವೇಷ ಕಟ್ಟಿದವನನ್ನು ದೇವರೆಂದೇ ತಿಳಿದು ಹೆಂಗಸರು ಆರತಿ ಎತ್ತಿದ ಮೇಲೆಯೇ ಆಟ ಶುರುವಾಗುವುದು ಇಲ್ಲಿನ ಪದ್ಧತಿ. ರಾಯರು ಹಾಲಿನ ಪಾತ್ರೆ ಕೆಳಗಿಟ್ಟರು.

"ಅವನ ಹಾಡು ಕೇಳ್ರಿ ಬಾಯಿ, ಮನಿ ಸುದ್ದಿ ಯಾಕ? ಕಲಾ ಬ್ಯಾರೆ, ಸಂಸಾರ ಬ್ಯಾರೆ."

"ನಿಮಗ ಬ್ಯಾರೆ ಇರಬಹುದು. ಅವನ ಹೆಂಡರಿಗೆ?"

ರಾಯರು ರಜೆ ಹಾಕಿ ಮನೆ ಮನೆ ಹತ್ತಿಳಿದರು. ಹತ್ತು ಮನೆಯಲ್ಲೂ ಚಹಾ ಸಿಕ್ಕಿತು, ಒಪ್ಪಿಗೆ ಸಿಗಲಿಲ್ಲ. ದಾರಿಯಲ್ಲಿ ಸಿಕ್ಕ ಹೊಳೆಪ್ಪ ಹೊಸ ಅಂಗಿ ಹಾಕಿಕೊಂಡು ನಗುತ್ತಿದ್ದ.

ಹನ್ನೊಂದನೇ ಮನೆಯಲ್ಲಿ ಹೊಟ್ಟೆಯೊಳಗಿನ ಚಹಾ ಕುಲುಕಿ ರಾಯರ ಬಾಯಿ ಜಾರಿತು.

"ಅಲ್ರೀ, ಆಟದ ಕತಿ ಏನು? ಇಬ್ಬರು ರಾಣ್ಯಾರ ನಡುವ ಕೃಷ್ಣ ಒದ್ದಾಡೋದು. ಅದನ್ನ ಖರೇನ ಅನುಭವಿಸಿದವ ಹ್ಯಾಂಗ ಆಡ್ತಾನ, ವಿಚಾರ ಮಾಡ್ರಿ!"

ಮಾತು ರಾಯರಿಗಿಂತ ಮುಂಚೆ ಓಣಿ ಸುತ್ತಿಬಂತು. ಐದಕ್ಕೇ ಕುರ್ಚಿ ಸಾಲದಾದವು. ರತ್ನಾಬಾಯಿ ರಬಕವಿಯ ನಾದಿನಿಯನ್ನೂ ಕರೆಸಿಕೊಂಡು ಆರತಿ ತಟ್ಟೆ ಸಮೇತ ಮುಂದಿನ ಸಾಲಿನಲ್ಲಿ ಕುಳಿತಿದ್ದಳು. ತಮ್ಮ ಬೆಳಗಿನ ತತ್ವ ಎಲ್ಲಿ ಬಿದ್ದುಹೋಯಿತೆಂದು ರಾಯರು ಹುಡುಕಲೂ ಹೋಗಲಿಲ್ಲ. ಅವರಿಗೆ ಅಷ್ಟು ಸಂತೋಷವಾಗಿತ್ತು.

ಯಮನಪ್ಪ ಕಿರೀಟ ತೊಟ್ಟು ಬಂದ. ರತ್ನಾಬಾಯಿ ತಟ್ಟೆ ಹಿಡಿದುಕೊಂಡೇ ಕೇಳಿದಳು.

"ಇಬ್ಬರನ್ನೂ ಕರಕೊಂಡು ಬಂದೀಯೇನಪಾ?"

"ಎಲ್ಲಿ ಇಬ್ಬರಬೇ ಯವ್ವಾ? ನನಗ ಒಬ್ಬಾಕೀನ ಹೇಣ್ತಿ. ಬೀಳಗಿಯಾಗಿರಾಕಿ ನನ್ನ ತಂಗಿ."

ರಾಯರು ಕುಣಿದೇಬಿಟ್ಟರು. ಮೈಕು ಕಸಿದುಕೊಂಡು, "ಕೇಳ್ರಿ ಎಲ್ಲಾರೂ! ಯಮನಪ್ಪಗ ಒಬ್ಬಾಕೇ ಹೆಂಡತಿ! ಅಪ್ಪಟ ಸಂಭಾವಿತ!" ಎಂದು ಕೂಗಿ ಚಪ್ಪಾಳೆಗೆ ಕಾದರು.

ಕುರ್ಚಿ ಸರಿಯುವ ಸದ್ದು ಕೇಳಿತು. ರತ್ನಾಬಾಯಿ ಆರತಿ ತಟ್ಟೆಯನ್ನು ರಾಯರ ಕೈಗೇ ಕೊಟ್ಟಳು.

"ಒಬ್ಬಾಕಿನ್ನ ಕಟಗೊಂಡವಗ ಕೃಷ್ಣನ ಸಂಕಟ ಏನ್ ತಿಳೀತೈತ್ರಿ? ಅಷ್ಟು ನೋಡಾಕ ನಮ್ಮ ಮನಿಯಾಗ ಒಬ್ಬರು ಅದಾರ. ನಡಿಯವ್ವಾ ನಾದಿನಿ."

ಕಾಲು ಗಂಟೆಯಲ್ಲಿ ಮೈದಾನ ಖಾಲಿ. ಹೊಳೆಪ್ಪ ಬಂದು ವಿನಯದಿಂದ ಸಂಘದ ಕೀಲಿ ಇಸಿದುಕೊಂಡು ಹೋದ. ಉರಿಯುವ ಆರತಿ ಹಿಡಿದು ನಿಂತ ರಾಯರ ಬಳಿ ಯಮನಪ್ಪ ಮೆಲ್ಲಗೆ ಬಂದ.

"ರಾಯರ, ನಾಳಿ ಮುಧೋಳದಾಗ ಆಟ ಐತ್ರಿ. ಅಲ್ಲಿ ಕೇಳಿದ್ರ ಎಷ್ಟು ಹೆಂಡರಂತ ಹೇಳಲಿ?"