ಬಾಡಿಗೆ ಕೋಟಿನ ಪ್ರಭು

ಒಂದೇ ಒಂದು ದಿನವಾದರೂ ಪ್ರಭುವಾಗಿ ಬಾಳಿಯೇ ತೀರುತ್ತೇನೆ ಎಂದು ನಾನು, ಬರ್ಲಿನ್ನಿನ ಅಂಚೆ ಕಚೇರಿಯಲ್ಲಿ ಹನ್ನೆರಡು ವರ್ಷದಿಂದ ಮುದ್ರೆ ಒತ್ತುತ್ತಿರುವ ಒಟ್ಟೊಕಾರ್ ಪೀಚ್, ಶಪಥ ಮಾಡಿದೆ! ಊರಾಚೆಯ ಸ್ಟುಡಿಯೋದಲ್ಲಿ ಸಿರಿವಂತರನ್ನು ಗೇಲಿ ಮಾಡುವ ಸಿನಿಮಾ ತಯಾರಾಗುತ್ತಿತ್ತು. ಗುಂಪಿನ ದೃಶ್ಯಕ್ಕೆ ಜನ ಬೇಕಿದ್ದರು. ಹಿಂದೆ ಬಾಲವಿರುವ ಕರಿಕೋಟು ತಂದವನು ಪ್ರಭು, ತರದವನು ಆಳು. ನಾನು ಕೋಟನ್ನು ಬಾಡಿಗೆಗೆ ತಂದೆ. ನನ್ನ ಹೆಂಡತಿ ಲೀಸ್ಬೆತ್ ಮನೆಯ ಏಪ್ರನ್ನಿನಲ್ಲೇ ಬಂದು ಅಡುಗೆಯವಳಾದಳು.

"ನಮ್ಮ ಚಿತ್ರದಲ್ಲಿ ಮೇಲು ಕೀಳು ಅನ್ನೋದೇ ಇಲ್ಲ! ಮನುಷ್ಯರೆಲ್ಲ ಒಂದೇ!" ಎಂದು ನಿರ್ದೇಶಕರು ಮೇಜು ಗುದ್ದಿದರು. ನಾವು ಚಪ್ಪಾಳೆ ತಟ್ಟಿದೆವು. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಅವರ ಸಹಾಯಕ ಕೂಗಿದ: "ಕೋಟಿನೋರು ಬಿಳಿ ಬಟ್ಟೆ ಹಾಸಿರೋ ಮೇಜಿಗೆ! ಏಪ್ರನ್ನಿನೋರು ಹಿಂದಿನ ಬೆಂಚಿಗೆ!"

"ರೀ, ಬನ್ನಿ, ಜಾಗ ಹಿಡಿದಿದೀನಿ" ಎಂದಳು ಲೀಸ್ಬೆತ್.

ಪಕ್ಕದ ಪ್ರಭು ಹುಬ್ಬೇರಿಸಿದ. "ನಿಮ್ಮ ಕಡೆಯೋರಾ?"

"ಛೆ ಛೆ! ಯಾರೋ ಅಡುಗೆಯವಳು" ಎಂದುಬಿಟ್ಟೆ.

ಮಾತು ಲೀಸ್ಬೆತ್ತಳ ಕಿವಿಗೂ ಬಿತ್ತು. ಆದರೂ ಪ್ರಭುವಿನ ಗತ್ತಿನಲ್ಲೇ ಮುಂದೆ ನಡೆದೆ.

ಬಿಳಿ ಮೇಜಿನ ಮೇಲಿದ್ದ ಹುರಿದ ಬಾತುಕೋಳಿ ಜೇಡಿಮಣ್ಣಿನದು! ಕೋಟಿಗೆ ಕಲೆಯಾಗಬಾರದೆಂದು ನಮಗೆ ಒಣ ಬ್ರೆಡ್ಡು, ಅದೂ ನಿಂತುಕೊಂಡು. ಕೂತರೆ ಸುಕ್ಕು ಬೀಳುತ್ತದಂತೆ! ಅತ್ತ ಬೆಂಚಿನಲ್ಲಿ ಬಿಸಿಬಿಸಿ ಬಟಾಣಿ ಸೂಪು, ಗೇಣುದ್ದದ ಸಾಸೇಜು. ನನ್ನ ಹೊಟ್ಟೆ ತಾಳ ಹಾಕತೊಡಗಿತು. ಗತ್ತನ್ನು ಗಂಟುಕಟ್ಟಿ, ಬಗ್ಗಿ ಬಗ್ಗಿ ಹೋಗಿ, ಲೀಸ್ಬೆತ್ತಳ ತಟ್ಟೆಗೆ ಕೈ ಹಾಕಿದೆ. ಸಾಸಿವೆ ಗೊಜ್ಜು ಪಚಕ್ಕನೆ ಕೋಟಿಗೆ ಹಾರಿತು.

"ಯಾರ್ರೀ ನೀವು? ಪ್ರಭುಗಳಿಗೆ ಬಡವರ ತಟ್ಟೇಲಿ ಏನ್ರೀ ಕೆಲಸ?" ಎನ್ನುತ್ತಾ ಅವಳು ಒದ್ದೆ ಬಟ್ಟೆಯಲ್ಲಿ ಬಾರಿಸಿದಳು.

"ನಾನು ಕಣೇ!"

"ನಂಗೆ ಯಾವ ಪ್ರಭುನೂ ಗೊತ್ತಿಲ್ಲ!"

"ಅದ್ಭುತ! ಕ್ಯಾಮೆರಾ ತನ್ನಿ!" ಎಂದು ನಿರ್ದೇಶಕರು ಓಡಿಬಂದರು. ಒಂಬತ್ತು ಸಲ ಚಿತ್ರೀಕರಣವಾಯಿತು. ಒಂಬತ್ತು ಸಲವೂ ಏಟು ಅಸಲಿ! ಕೊನೆಗೆ ಅವರು ಲೀಸ್ಬೆತ್ತಳ ಕೈ ಕುಲುಕಿ, "ಚಿತ್ರದ ಪ್ರಾಣವೇ ನೀವು ತಾಯೀ!" ಎಂದರು.

ಪಕ್ಕದ ಪ್ರಭು ಅವಳಿಗೆ ಟೊಪ್ಪಿಗೆ ತೆಗೆದು ನಮಸ್ಕರಿಸಿದ. ಇನ್ನು ತಡೆಯಲಾಗಲಿಲ್ಲ. "ಇವಳು ನನ್ನ ಹೆಂಡತಿ ಸಾರ್! ಸ್ವಂತ ಹೆಂಡತಿ!" ಎಂದು ಎದೆಯುಬ್ಬಿಸಿದೆ.

"ಹೌದೇನಮ್ಮಾ?" ಎಂದರು ನಿರ್ದೇಶಕರು.

ಲೀಸ್ಬೆತ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹೇಗೆ ಹೇಳೋದು ಸಾರ್? ಕೋಟು ಬಿಚ್ಚಲಿ. ನಮ್ಮೋರೇ ಆಗಿದ್ರೆ ಅಂಗೀಲಿ ನಾನು ಹಾಕಿದ ತೇಪೆ ಇರುತ್ತೆ."

ಅಷ್ಟೂ ಪ್ರಭುಗಳೆದುರು ಕೋಟು ಬಿಚ್ಚಿದೆ. ಅವಳು ನಿಧಾನವಾಗಿ, ಎಲ್ಲರಿಗೂ ಕೇಳುವಂತೆ ಎಣಿಸಿದಳು.

"ಒಂದು... ಎರಡು... ಮೂರು... ಹೂಂ, ನಮ್ಮೋರೇ!"