ಗೈರುಹಾಜರಿ ಪ್ರಮಾಣಪತ್ರ

ಪ್ಯಾಲೆಸ್ಟೀನಿನ ಜನರಿಗೆ ಬೆಂಬಲವಾಗಿ ನಮ್ಮ ಕಲಾವಿದರ ಮಂಡಳಿ ಕೈಗೊಂಡ ಸಾಂಸ್ಕೃತಿಕ ಬಹಿಷ್ಕಾರವು ಸಂಪೂರ್ಣ ಯಶಸ್ವಿಯಾಗಿದೆ ಎಂದು ದಾಖಲಾಗಿದೆ. ದಾಖಲಿಸಿದವನು ಮಂಡಳಿಯ ಗುಮಾಸ್ತನಾದ ನಾನೇ. ಆದ್ದರಿಂದ ಯಾರೂ ಅನುಮಾನ ಪಡಬೇಕಾಗಿಲ್ಲ.

ವಿಷಯ ಇಷ್ಟೆ. ಗಾಜಾದ ಮೇಲೆ ಬಾಂಬು ಹಾಕುತ್ತಿರುವ ಸರ್ಕಾರವೇ ಒಂದು ಕಲೋತ್ಸವ ಇಟ್ಟುಕೊಂಡು ನಮ್ಮವರಲ್ಲಿ ನಾಲ್ವರನ್ನು ಕರೆದಿತ್ತು. ದಯವಿಟ್ಟು ಹೋಗಬೇಡಿ ಎಂದು ಗಾಜಾದ ಕಲಾವಿದರು ಮನವಿ ಕಳಿಸಿದರು. ನಮ್ಮ ಕಾರ್ಯದರ್ಶಿಗಳು ಅದನ್ನೋದಿ ಕಣ್ಣೊರೆಸಿಕೊಂಡರು. ಕೂಡಲೇ ಸುತ್ತೋಲೆ ಹೊರಟಿತು: "ಆಹ್ವಾನಿತರೆಲ್ಲರೂ ಸ್ವಇಚ್ಛೆಯಿಂದ ಬಹಿಷ್ಕರಿಸತಕ್ಕದ್ದು. ಬಹಿಷ್ಕರಿಸಿದವರ ಪಟ್ಟಿಯನ್ನು ಗಾಜಾಕ್ಕೆ ಕಳುಹಿಸಲಾಗುವುದು."

ಮೊದಲು ಬಂದವಳು ಗೊಂಬೆಯಾಟದಾಕೆ. ಮರದ ಪುಡಿ ಮೆತ್ತಿದ ಕೈಯಲ್ಲೇ ಒಂದು ಹಾಳೆ ತಂದು ಮೇಜಿನ ಮೇಲಿಟ್ಟಳು. "ನಾನು ಹೋಗುವುದಿಲ್ಲ." ಅಷ್ಟೇ, ಎರಡು ಪದ.

"ಏನಮ್ಮಾ, ಇಷ್ಟೇನಾ?" ಅಂದೆ.

"ಇನ್ನೇನು ಬರೀಲಿ ಸಾರ್? ಗಾಜಾದಲ್ಲಿ ನನ್ನ ಥರಾನೇ ಗೊಂಬೆಯಾಡಿಸೋನು ಒಬ್ಬ ಇದಾನೆ. ಹಿಂದೆ ಒಂದು ಗೊಂಬೆಯಾಟದ ಶಿಬಿರದಲ್ಲಿ ಸಿಕ್ಕಿದ್ದ, ಅಣ್ಣ-ತಂಗಿ ಥರ ಆಗಿಬಿಟ್ವಿ. ಈಗ ಡೇರೆಯಲ್ಲಿ ಕೂತು ಖಾಲಿ ಡಬ್ಬದಲ್ಲಿ ಗೊಂಬೆ ಮಾಡಿ ಮಕ್ಕಳನ್ನ ನಗಿಸ್ತಾನೆ. ಪಟ್ಟೀಲಿ ನಿನ್ನ ಹೆಸರು ಹುಡುಕ್ತೀನಿ ತಂಗಿ ಅಂದಿದಾನೆ. ಅದೊಂದು ಇದ್ದುಬಿಟ್ರೆ ಸಾಕು."

ಭಾವನೆ ಸರಿಯೇ. ಲಗತ್ತು ಎಲ್ಲಿ? ಬಹಿಷ್ಕಾರ ನಿಯಮ ನಾಲ್ಕರ ಪ್ರಕಾರ ಉತ್ಸವದ ಆಯೋಜಕರಿಂದ ಗೈರುಹಾಜರಿ ಪ್ರಮಾಣಪತ್ರ ತರಬೇಕು. ಅದಕ್ಕೆ ಅರ್ಜಿದಾರರು ಅಲ್ಲಿಗೆ ಖುದ್ದು ಹಾಜರಾಗಿ, ಗುರುತಿನ ಚೀಟಿ ತೋರಿಸಿ, ಆಯೋಜಕರ ಎದುರಿಗೇ ಸಹಿ ಮಾಡಬೇಕು.

"ಬರಲಿಲ್ಲ ಅಂತ ಹೇಳೋಕೆ ಅಲ್ಲಿಗೆ ಹೋಗಬೇಕಾ?"

"ಮತ್ತೆ? ನೀವು ಬಂದಿಲ್ಲ ಅನ್ನೋದು ಅವರಿಗೆ ಹೇಗೆ ಗೊತ್ತಾಗಬೇಕು?"

"ನಿಮಗೇನು ತಲೆ ಕೆಟ್ಟಿದೆಯಾ ಸಾರ್?"

ಈ ಪ್ರಶ್ನೆಗೆ ನಿಯಮಾವಳಿಯಲ್ಲಿ ಉತ್ತರವಿಲ್ಲ. ಪ್ರಮಾಣಪತ್ರ ಲಗತ್ತಿಸಿಲ್ಲ ಎಂದು ಹಿಂಬರಹ ಕೊಟ್ಟು ಕಳಿಸಿದೆ.

ಉಳಿದ ಮೂವರು, ಅಂದರೆ ಹಿರಿಯ ಗಾಯಕರು, ಅವರ ಭಾವಮೈದುನ ಪಿಟೀಲಿನವರು ಮತ್ತು ಒಬ್ಬ ಚಿತ್ರಕಾರರು, ಹೀಗೆಲ್ಲ ತಕರಾರು ತೆಗೆಯುವ ಜನವಲ್ಲ. ಪೆಟ್ಟಿಗೆ ಕಟ್ಟಿಕೊಂಡು ಬಹಿಷ್ಕರಿಸಲು ಹೊರಟರು. ಅವರ ಮೇಲ್ವಿಚಾರಣೆಗೆ ಕಾರ್ಯದರ್ಶಿಗಳು, ಕಾರ್ಯದರ್ಶಿಗಳ ಮೇಲ್ವಿಚಾರಣೆಗೆ ಅವರ ಹೆಂಡತಿ. ಪ್ರಮಾಣಪತ್ರ ಕೊಡುವ ಕಿಟಕಿ ಉತ್ಸವದ ಕೊನೆಯ ದಿನವೇ ತೆರೆಯುವುದಂತೆ. ಅಲ್ಲಿಯವರೆಗೆ ಕೈಕಟ್ಟಿ ಕೂರಲಾದೀತೇ? ಗಾಯಕರು ಎರಡು ಸಂಜೆ ಹಾಡಿದರು. "ಒಲ್ಲದ ಮನಸ್ಸಿನಿಂದಲೇ ಹಾಡಿದ್ದು ಕಣಯ್ಯಾ. ಮೂರನೇ ಸಂಜೆಗೆ ಕರೆದಾಗ ಖಡಾಖಂಡಿತವಾಗಿ ಆಗಲ್ಲ ಅಂದುಬಿಟ್ಟೆ. ಗಂಟಲೂ ಕಟ್ಟಿತ್ತು ಅನ್ನು," ಎಂದರು ಬಂದ ಮೇಲೆ. ಕಡತಕ್ಕೆ ಸೇರಿಸಿದೆ, ಗಂಟಲಿನ ವಿಷಯ ಬಿಟ್ಟು.

ಆಯೋಜಕರೂ ಬಹಳ ಸಹಕರಿಸಿದರು ಎನ್ನಬೇಕು. ಮೂರೂ ಪ್ರಮಾಣಪತ್ರಗಳಿಗೆ ಮೊಹರು ಹೊಡೆದು, ಹೂಗುಚ್ಛ ಕೊಟ್ಟು, ಗೈರುಹಾಜರಾದವರ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು.

ಗೊಂಬೆಯಾಟದಾಕೆಯ ಪ್ರಮಾಣಪತ್ರ ಮಾತ್ರ ಬರಲಿಲ್ಲ. ನಿಯಮ ಒಂಬತ್ತು ಸ್ಪಷ್ಟವಾಗಿದೆ: "ಗೈರುಹಾಜರಿಗೆ ಪುರಾವೆ ಒದಗಿಸದವರನ್ನು ಹಾಜರಾದವರೆಂದೇ ಪರಿಗಣಿಸತಕ್ಕದ್ದು." ಹೀಗಾಗಿ ನಮ್ಮ ಮಂಡಳಿಯಿಂದ ಉತ್ಸವಕ್ಕೆ ಹೋದವಳು ಅವಳೊಬ್ಬಳೇ ಆದಳು. ಮೂವರ ಪಟ್ಟಿ ಗಾಜಾಕ್ಕೆ ಹೋಯಿತು. ಅವಳ ಮೇಲೆ ಖಂಡನಾ ನಿರ್ಣಯವನ್ನು ಗಾಯಕರೇ ಮಂಡಿಸಿದರು. ಪಾಪ, ಬೇಸರದಿಂದಲೇ.

ಆಮೇಲೊಂದು ದಿನ ಅವಳು ಬಂದು ಫೋನು ನನ್ನ ಮುಂದೆ ಹಿಡಿದಳು. ಗಾಜಾದಿಂದ ಬಂದ ಮೆಸೇಜು. "ಹೋಗಿಬಿಟ್ಟೆಯಾ ತಂಗಿ? ಇರಲಿ ಬಿಡು. ನಿನ್ನ ಆಟ ನೋಡಿ ಅಲ್ಲಿನ ಮಕ್ಕಳು ನಕ್ಕರಾ?"

"ಹೋಗಿಲ್ಲ ಅಂತ ಎಂಟು ದಿನದಿಂದ ಕಳಿಸ್ತಾನೇ ಇದೀನಿ ಸಾರ್," ಅಂದಳು. "ಅವನಿಗೆ ತಲುಪ್ತಾನೇ ಇಲ್ಲ. ನೀವಾದ್ರೂ ಪಟ್ಟಿ ತಿದ್ದಿ ಕಳಿಸಿ. ನಿಮ್ಮ ಕಾಲಿಗೆ ಬೀಳ್ತೀನಿ."

ಸುಳ್ಳೇಕೆ ಹೇಳಲಿ, ಕಡತ ತೆಗೆದು ಪಟ್ಟಿಯ ಮೇಲೆ ಪೆನ್ನನ್ನೂ ಇಟ್ಟೆ. ಆದರೆ ಪಟ್ಟಿ ತಪ್ಪಾಗಿದೆ ಎಂದು ಅದನ್ನು ಪಡೆದವರೇ ಲಿಖಿತವಾಗಿ ಹೇಳಬೇಕು. ಮೂವತ್ತು ದಿನದೊಳಗೆ ಹೇಳದಿದ್ದರೆ ಒಪ್ಪಿದ್ದಾರೆಂದೇ ಅರ್ಥ. ಇದನ್ನು ಅವಳಿಗೆ ಸಮಾಧಾನವಾಗಿಯೇ ತಿಳಿಸಿದೆ.

ಅವಳು ದಿನಾ ಬಂದು ಬಾಗಿಲಲ್ಲಿ ನಿಂತು, ಏನಾದ್ರೂ ಬಂತಾ ಸಾರ್ ಅಂತ ಕೇಳಿ ಹೋಗುತ್ತಿದ್ದಳು. ಮೂವತ್ತು ದಿನ ಕಳೆಯಿತು. ಆ ಡೇರೆಯಿಂದ ಆಕ್ಷೇಪಣೆ ಬರಲಿಲ್ಲ. ಆಕ್ಷೇಪಣೆಯೇನು, ಯಾವ ಮಾತೂ ಬರಲಿಲ್ಲ. ಅವಳ ಫೋನಿಗೂ ಬರಲಿಲ್ಲ. ಪಟ್ಟಿಯು ಸರ್ವಾನುಮತದಿಂದ ಅಂಗೀಕೃತವಾಗಿದೆ ಎಂದು ಷರಾ ಬರೆದು ಕಡತ ಮುಕ್ತಾಯ ಮಾಡಿದೆ.