ಮಳೆಯೂರಿನಲ್ಲಿ ಮರುಭೂಮಿಯ ಕಳ್ಳಿ

ಮೂಡುಬಿದಿರೆಯಂಥ ಮಳೆಯೂರಿನಲ್ಲಿ ಕೂತು ಮರುಭೂಮಿಯ ಕಳ್ಳಿ ಬೆಳೆಸಲು ಹೊರಟವನಿಗೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ಮೊದಮೊದಲು ನನಗೂ ಆಶ್ಚರ್ಯವಾಗುತ್ತಿತ್ತು. ಈಗ ಮನೆಯಿಂದ ಫೋನ್ ಬಂದರೆ ಹಲೋ ಅನ್ನುವುದಕ್ಕೆ ಮೊದಲೇ “ಯಾವ ಗಿಡ, ಏನಾಯಿತು?” ಎಂದು ಕೇಳುತ್ತೇನೆ.

ನಾನು ಇಲ್ಲಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವವನು. ಬೆಳ್ತಂಗಡಿಯ ಹಿರಿಯ ಡಾಕ್ಟರೊಬ್ಬರು ಅಪರೂಪದ ಕಳ್ಳಿಗಳನ್ನು ಸಾಕಿಕೊಂಡಿದ್ದರು. ಅವರು ಮಂಗಳೂರಿನ ಫ್ಲ್ಯಾಟಿಗೆ ಹೋಗುವಾಗ, ಅಲ್ಲಿ ಬಿಸಿಲೇ ಬೀಳುವುದಿಲ್ಲವೆಂದು ಎಲ್ಲವನ್ನೂ ನನಗೆ ಒಪ್ಪಿಸಿದರು. “ಇವು ಈ ಕಡೆ ಬೇರೆ ಯಾರ ಹತ್ತಿರವೂ ಇಲ್ಲ ಮಾರಾಯ್ರೆ. ಸಾಯ್ಲಿಕ್ಕೆ ಬಿಡಬೇಡಿ” ಎಂದರು. ಯಾವ ರೋಗಿಯ ಬಗ್ಗೆಯೂ ಅವರು ಅಷ್ಟು ಕಳವಳದಿಂದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಒಪ್ಪಿಕೊಂಡೆ. ಸುಸ್ತು ಶುರುವಾದದ್ದು ಅಲ್ಲಿಂದ.

ಬಸ್ಸಿನಲ್ಲಿ

ಚಿಕ್ಕ ಕುಂಡಗಳೆಲ್ಲ ಪೆಟ್ಟಿಗೆಯಲ್ಲಿ ಬಂದವು. ಒಂದು ಮಾತ್ರ ಯಾವ ಪೆಟ್ಟಿಗೆಗೂ ಹಿಡಿಯಲಿಲ್ಲ. ಫುಟ್‌ಬಾಲಿನಷ್ಟು ದಪ್ಪ, ಮೈಯೆಲ್ಲ ಬೆರಳುದ್ದದ ಮುಳ್ಳು. ಅದನ್ನು ತೊಡೆಯ ಮೇಲಿಟ್ಟುಕೊಂಡು ಬೆಳ್ತಂಗಡಿಯಲ್ಲಿ ಬಸ್ಸು ಹತ್ತಿದೆ. ವೇಣೂರಿನಲ್ಲಿ ಜನ ನುಗ್ಗಿದರು. ಬಸ್ಸಿನಲ್ಲಿ ನಿಲ್ಲಲಿಕ್ಕೆ ಜಾಗವಿಲ್ಲ, ಆದರೆ ನನ್ನ ಪಕ್ಕದ ಸೀಟು ಖಾಲಿ. ಕೂರಲು ಬಂದವರು ಗಿಡ ನೋಡಿ, ನನ್ನ ಮುಖ ನೋಡಿ, ನಿಂತೇ ಹೋಗುತ್ತೇವೆ ಎಂದು ತೀರ್ಮಾನಿಸುತ್ತಿದ್ದರು.

ಕಂಡಕ್ಟರ್ ಬಾಗಿಲ ಹತ್ತಿರ ನಿಂತು “ಹಿಂದೆ ಹೋಗಿ, ಹಿಂದೆ ಉಂಟು ಜಾಗ” ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಒಬ್ಬರೂ ಅಲುಗಲಿಲ್ಲ. ಕೊನೆಗೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ: “ಸರ್, ಒಂದು ಉಪಕಾರ. ಅದನ್ನು ಹಿಡ್ಕೊಂಡು ಸ್ವಲ್ಪ ಬಾಗಿಲ ಹತ್ತಿರ ಬಂದು ನಿಲ್ತೀರಾ?”

ನಿಂತೆ. ಇಡೀ ಬಸ್ಸು ಶಿಸ್ತಿನಿಂದ ಹಿಂದಕ್ಕೆ ಸರಿಯಿತು.

ಮರುದಿನ ಬರಿಗೈಯಲ್ಲಿ ಅದೇ ಬಸ್ಸು ಹತ್ತಿದಾಗ ಅವನ ಮುಖ ಬಾಡಿತು. “ಇವತ್ತು ತರಲಿಲ್ವಾ ಸರ್?” ಎಂದು ಕೇಳಿ, ಮತ್ತೆ ಗಂಟಲು ಸರಿಮಾಡಿಕೊಂಡ.

ಬೀಜವಿಲ್ಲದ ಹೀರೆ

ಜೂನಿನ ಮಳೆ ಹಿಡಿದದ್ದೇ ಕಳ್ಳಿಗಳು ಬುಡದಿಂದ ಕೊಳೆಯತೊಡಗಿದವು. ಕೊಳೆ ಹತ್ತಿದ ಮೇಲೆ ಇರುವ ದಾರಿ ಒಂದೇ: ಮೇಲಿನ ಆರೋಗ್ಯದ ಭಾಗವನ್ನು ಕತ್ತರಿಸಿ, ಗಾಯ ಒಣಗಲು ಬಿಟ್ಟು, ಆಮೇಲೆ ಮರಳಿನಲ್ಲಿ ನೆಟ್ಟು ಬೇರು ಬರಿಸುವುದು. ಎಲ್ಲ ತುಂಡುಗಳನ್ನೂ ಒಂದೇ ಕಡೆ ಇಡುವ ಧೈರ್ಯ ನನಗಿರಲಿಲ್ಲ. ಕೆಲವನ್ನು ಕಾಲೇಜಿನ ತಾರಸಿಯಲ್ಲಿ ಶೀಟಿನ ಕೆಳಗೆ ಇಟ್ಟೆ. ಕೆಲವನ್ನು ನಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿ ದೀಪ, ಫ್ಯಾನು ಹಾಕಿ ಇಟ್ಟೆ. ಉಳಿದದ್ದು ವಿಟ್ಲದ ಅಕ್ಕನ ಮನೆಗೆ. ಅವಳಲ್ಲಿ ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮನೆ ಉಂಟು, ಒಳಗೆ ಮರುಭೂಮಿಯದ್ದೇ ಸೆಕೆ.

ಅಕ್ಕನ ಮನೆ ಮುಟ್ಟುವಾಗ ನಾನು ಪೂರ್ತಿ ಒದ್ದೆ. ಚೀಲವನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಸ್ನಾನಕ್ಕೆ ಹೋದೆ. ಅದರಲ್ಲಿದ್ದುದು ಮುಳ್ಳಿಲ್ಲದ ಜಾತಿ. ಹಸಿರು, ಉದ್ದ, ಮೈತುಂಬ ಏಣು. ಬಂದು ನೋಡುವಾಗ ಭಾವ ಊಟಕ್ಕೆ ಕೂತಿದ್ದರು, ಒಲೆಯ ಮೇಲೆ ಒಗ್ಗರಣೆ ಸಿಡಿಯುತ್ತಿತ್ತು, ಅಕ್ಕ ಕತ್ತಿ ಹಿಡಿದು ಬಹಳ ಖುಷಿಯಲ್ಲಿದ್ದಳು.

“ಒಳ್ಳೆ ಹೀರೆ ತಂದಿದ್ದಿ ಮಾರಾಯ. ಎಳತು ಅಂದ್ರೆ ಎಳತು, ಒಂದು ಬೀಜ ಇಲ್ಲ. ಸಿಪ್ಪೆ ಬಿಸಾಡಲಿಲ್ಲ, ಚಟ್ನಿಗೆ ಇಟ್ಟಿದ್ದೇನೆ.”

ನಾನು ಓಡಿ ಹೋಗಿ ಚೀಲ ತಡಕಿದೆ. ಡಾಕ್ಟರರ ಮುಖ ಕಣ್ಣೆದುರು ಬಂತು. ಒಂದೇ ಒಂದು ತುಂಡು ಕತ್ತಿಗೆ ಸಿಗದೆ ಚೀಲದಲ್ಲಿ ಉಳಿದಿತ್ತು. ಅದನ್ನು ಎದೆಗೆ ಅವಚಿಕೊಂಡು, “ಅಕ್ಕಾ, ಇದು ಹೀರೆಯಲ್ಲ. ಮೆಕ್ಸಿಕೋದ ಕಳ್ಳಿ” ಎಂದೆ.

ಅಕ್ಕ ಒಲೆ ಆರಿಸಿದಳು. ಬಾಣಲೆಯೊಳಗೆ ಒಮ್ಮೆ ಬಗ್ಗಿ ನೋಡಿ, “ಮೆಕ್ಸಿಕೋ ಅಂದ್ರೆ ಘಟ್ಟದ ಮೇಲಾ?” ಎಂದು ಕೇಳಿದಳು.

ಮಾಳಿಗೆಯ ಬೆಳಕು

ನಮ್ಮ ಮಾಳಿಗೆಯ ಕೋಣೆಯಲ್ಲಿ ಹಾಕಿದ್ದು ಗಿಡಗಳಿಗಾಗಿಯೇ ಮಾಡಿದ ದೀಪ. ನೇರಳೆ ಬಣ್ಣದ ಬೆಳಕು. ಸಂಜೆಯಾದರೆ ಕಿಟಕಿ ರಸ್ತೆಯವರೆಗೂ ಹೊಳೆಯುತ್ತಿತ್ತು. ಪಕ್ಕದ ಮನೆಯವರು ಗಾಂಜಾ ಎಂದೇ ಊಹಿಸಿಕೊಂಡರೋ ಏನೋ, ಒಂದು ಸಂಜೆ ಪೊಲೀಸಿನವರೊಬ್ಬರು ಬಾಗಿಲಿಗೆ ಬಂದರು. ಬಿಜಾಪುರ ಕಡೆಯವರು, ಇಲ್ಲಿಗೆ ಹೊಸಬರು.

“ಮ್ಯಾಲ ಏನೋ ಗಿಡಾ ಬೆಳಸ್ತೀರಂತ. ನೋಡಬೇಕ್ರಿ.”

ಕರೆದುಕೊಂಡು ಹೋಗಿ ತೋರಿಸಿದೆ. ಅವರು ಪ್ರತಿಯೊಂದು ಕುಂಡಕ್ಕೂ ಬಗ್ಗಿದರು.

“ಎಲಿ ಎಲ್ಲಿ?”

“ಇದಕ್ಕೆ ಎಲೆ ಇಲ್ಲ.”

“ಕಿತ್ತು ಮಾರೀರೇನು?”

“ಹುಟ್ಟುವಾಗಲೇ ಇಲ್ಲ. ಇದು ಕಳ್ಳಿ.”

ಅವರು ಸೊಂಟಕ್ಕೆ ಕೈ ಕೊಟ್ಟು ನೆಟ್ಟಗೆ ನಿಂತರು. “ಕಳ್ಳೀಗೆ ಫ್ಯಾನ್ ಹಚ್ಚೀರಿ? ನಮ್ಮ ಊರಾಗ ಬೇಲಿಗೆ ಇರ್ತಾವ್ರಿ, ಯಾರೂ ಹೊಳ್ಳಿ ಸೈತ ನೋಡಂಗಿಲ್ಲ.” ಆದರೆ ಹೊರಡಲಿಲ್ಲ. ಫ್ಯಾನಿನ ಗಾಳಿಗೆ ಕೈ ಒಡ್ಡಿದರು. ದೀಪದ ಕೆಳಗೆ ಕೈ ಹಿಡಿದರು. ಆಮೇಲೆ ದನಿ ತಗ್ಗಿಸಿ, “ಸರ, ಇಲ್ಲಿ ಬಂದ ಮ್ಯಾಲ ನನ್ನ ಅರಿವೆ ಒಣಗೇ ಇಲ್ರಿ” ಎಂದರು. ಆ ಮನುಷ್ಯನ ದನಿಯಲ್ಲಿ ಎಂಥ ದುಃಖವಿತ್ತೆಂದರೆ ನನಗೆ ಇಲ್ಲ ಅನ್ನಲಾಗಲಿಲ್ಲ.

ಮರುದಿನದಿಂದ ಕಳ್ಳಿಗಳ ಮೇಲೆ ಹಗ್ಗ ಕಟ್ಟಿ ಖಾಕಿ ಪ್ಯಾಂಟು ನೇತುಹಾಕಿದ್ದಾಯಿತು. ಅದನ್ನು ಕಂಡ ನನ್ನ ಹೆಂಡತಿ, ಅವರಿಗೆ ಒಂದು ನ್ಯಾಯ ನಮಗೆ ಒಂದಾ ಎಂದು ಮನೆಯ ಬಟ್ಟೆಯನ್ನೂ ತಂದಳು. ಪಕ್ಕದ ಮನೆಯವರು ಮಾತ್ರ ಬೇಲಿಯ ಹತ್ತಿರ ಬಂದು ಬಹಳ ಗೌರವದಿಂದ ವಿಚಾರಿಸಿದರು: “ಪೊಲೀಸಿನವರನ್ನು ಮನೆಯಲ್ಲೇ ಕಾವಲಿಗೆ ಇಟ್ಟಿದ್ದಾರಾ? ಅಷ್ಟು ದೊಡ್ಡ ಗಿಡವಾ ಅದು?”

ಒಂದೇ ಪ್ರಶ್ನೆ

ಮಳೆಗಾಲ ಮುಗಿಯುವಾಗ ಲೆಕ್ಕ ಹೀಗಿತ್ತು. ತಾರಸಿಯವು ತಂಬುಳಿಯ ಹಾಗೆ ಕರಗಿದವು. ಅಕ್ಕನ ಪ್ಲಾಸ್ಟಿಕ್ ಮನೆಯದ್ದು ಅಡಿಕೆಯೊಂದಿಗೆ ಚೆನ್ನಾಗಿ ಒಣಗಿತು. ಒದ್ದೆ ಬಟ್ಟೆಗಳ ನಡುವೆಯೂ ಬೇರು ಬಿಟ್ಟದ್ದು ಮಾಳಿಗೆಯ ಕೋಣೆಯವು ಮಾತ್ರ. ಡಾಕ್ಟರರಿಗೆ ಫೋನ್ ಮಾಡಿ ಹೇಳಿದೆ. ಅವರು, “ಮನೆಯಲ್ಲಿಟ್ಟು ಶುಶ್ರೂಷೆ ಮಾಡಿದ್ದಕ್ಕೆ ಉಳಿದವು” ಎಂದರು.

ಆ ಹುಮ್ಮಸ್ಸಿನಲ್ಲಿ ಕಾಲೇಜಿನಲ್ಲಿ ಒಂದು ಉಪನ್ಯಾಸ ಕೊಟ್ಟೆ. ದೀಪ ಎಷ್ಟು ಎತ್ತರದಲ್ಲಿರಬೇಕು, ಗಾಳಿ ಯಾವ ಕಡೆಯಿಂದ ಬರಬೇಕು, ಮರಳು ಎಷ್ಟು ದಪ್ಪವಿರಬೇಕು ಎಂದು ಚಿತ್ರ ಸಮೇತ ವಿವರಿಸಿದೆ. ಪ್ರಶ್ನೆ ಉಂಟಾ ಎಂದಾಗ ಕೊಪ್ಪಳದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು.

“ಸರ್, ಇಷ್ಟೆಲ್ಲ ಮಾಡೋ ಬದ್ಲು ನಮ್ಮೂರಿನ ಬಸ್ಸಿಗೆ ಹಾಕಿದ್ರ ಆಗ್ತಿತ್ತಲ್ರಿ?”

ಅಧ್ಯಕ್ಷತೆ ವಹಿಸಿದ್ದವರು ಕೂಡಲೇ ವಂದನಾರ್ಪಣೆಗೆ ಕರೆದರು.

ವಿನಯವಂತ ಹುಡುಗ

ತಮ್ಮನ ಮಗಳನ್ನು ನೋಡಲು ಶಿರ್ತಾಡಿಯಿಂದ ಗಂಡಿನ ಕಡೆಯವರು ಬರುವವರಿದ್ದರು. ಬಂಟ್ವಾಳದ ಒಳಗಿರುವ ತಮ್ಮನ ಮನೆಯ ರಸ್ತೆ ಕೆಸರಾಗಿದ್ದರಿಂದ ಕಾರ್ಯಕ್ರಮ ನಮ್ಮಲ್ಲೇ ಎಂದಾಯಿತು. ಜಗಲಿಯ ಬೆಂಚಿನ ಮೇಲೆ ನಾನು ಚಪ್ಪಟೆ ಜಾತಿಯ ಕಳ್ಳಿಯ ತುಂಡುಗಳನ್ನು ಗಾಯ ಒಣಗಲಿಕ್ಕೆ ಇಟ್ಟಿದ್ದೆ. ಇದರ ಮುಳ್ಳು ಕಣ್ಣಿಗೆ ಕಾಣುವುದಿಲ್ಲ. ಕೂದಲಿಗಿಂತ ಸಪೂರದ ಸುಂಗು, ಮುಟ್ಟಿದಲ್ಲೆಲ್ಲ ಉದುರುತ್ತದೆ. ಹೆಂಡತಿಯ ಅವಸರಕ್ಕೆ ತುಂಡುಗಳನ್ನು ತೆಗೆದೆ, ಬೆಂಚು ಒರಸಿದೆ, ಮೇಲೊಂದು ಬೆಡ್‌ಶೀಟ್ ಹಾಸಿದೆ. ಒರಸಿದರೆ ಸುಂಗು ಹೋಗುವುದಿಲ್ಲ, ಹರಡುತ್ತದೆ ಎಂದು ತಿಳಿದದ್ದು ಆಮೇಲೆ.

ಹುಡುಗ ಬಂದ. ಬಿಳಿ ಪ್ಯಾಂಟು. ಎಲ್ಲರಿಗೂ ಕೈಮುಗಿದು ಬೆಂಚಿನ ಮೇಲೆ ಕೂತ. ಕೂತವನ ಕಣ್ಣು ಸ್ವಲ್ಪ ದೊಡ್ಡದಾಯಿತು. ನಿಧಾನವಾಗಿ ಎದ್ದ.

“ಕೂತ್ಕೊಳ್ಳಿ” ಎಂದ ತಮ್ಮ.

“ಪರವಾಗಿಲ್ಲ, ನಿಂತೇ ಇರ್ತೇನೆ.”

ಕಾಫಿ ಬಂತು, ನಿಂತೇ ಕುಡಿದ. ಹುಡುಗಿ ಬಂದಳು, ನಿಂತೇ ಮಾತಾಡಿಸಿದ. ಮೂಡೆ, ಗಸಿ ಬಡಿಸಿದಾಗ ತಟ್ಟೆ ಹಿಡಿದು ಕಂಬಕ್ಕೆ ಒರಗಿ ನಿಂತ, ಒರಗಿಸಿದ್ದು ಭುಜ ಮಾತ್ರ. ನಮ್ಮ ಸೋದರಮಾವ, ಎಂಬತ್ತು ದಾಟಿದ ಹಿರಿಯರು, ಇದನ್ನೆಲ್ಲ ಗಮನಿಸುತ್ತಿದ್ದರು. ಅದುವರೆಗೆ ಬಂದ ಎಲ್ಲ ಸಂಬಂಧಕ್ಕೂ ಬೇಡ ಎಂದವರು ಅವರು. ಈಗ ಅವರ ಕಣ್ಣು ಒದ್ದೆಯಾಗಿತ್ತು.

“ಹಿರಿಯರ ಎದುರು ಕೂತುಕೊಳ್ಳದ ಹುಡುಗರು ಈ ಕಾಲದಲ್ಲೂ ಉಂಟಾ? ಇನ್ನು ನೋಡಲಿಕ್ಕೆ ಏನೂ ಇಲ್ಲ. ಇವನೇ ಆಗಲಿ.”

ಕೈ ತೊಳೆಯಲಿಕ್ಕೆಂದು ಹಿಂದುಗಡೆ ಬಂದ ಹುಡುಗ ನನ್ನನ್ನು ಒಂದು ಬದಿಗೆ ಕರೆದ. “ನಿಮ್ಮಲ್ಲಿ ಚಿಮಟಿಗೆ ಉಂಟಾ?” ಎಂದು ಕೇಳಿದ. ಕೊಟ್ಟು, ಬಚ್ಚಲುಮನೆ ತೋರಿಸಿದೆ. ಹೊರಗೆ ಸೋದರಮಾವ ಅವನ ವಿನಯವನ್ನು ಅವನ ಅಪ್ಪನಿಗೇ ವರ್ಣಿಸುತ್ತಿದ್ದರು. ಅಪ್ಪ ಪೂರ್ತಿ ಗೊಂದಲದಲ್ಲಿ ತಲೆಯಾಡಿಸುತ್ತಿದ್ದರು.

ಮದುವೆ ಚೆನ್ನಾಗಿ ನಡೆಯಿತು. ಗಂಡ ಹೆಂಡತಿ ಸುಖವಾಗಿದ್ದಾರೆ. ಮೊನ್ನೆ ಅವಳು ಬಂದಿದ್ದಾಗ, ಮನೆಯಲ್ಲಿ ಎಲ್ಲ ಹೇಗೆ ಎಂದು ಕೇಳಿದೆ.

“ಎಲ್ಲ ಒಳ್ಳೆಯದುಂಟು ದೊಡ್ಡಪ್ಪ. ಒಂದೇ ತಾಪತ್ರಯ. ಒಮ್ಮೆ ಸೋಫಾದಲ್ಲಿ ಕೂತರೆ ಇವರು ಎಂಥ ಹೇಳಿದರೂ ಏಳುವುದಿಲ್ಲ. ನಿಮ್ಮ ಸೋದರಮಾವ ಬಂದಾಗಲೂ ಏಳಲಿಲ್ಲ.”